ಪಕ್ಕದ ಸೀಟಿನ ತೂಕ

"ನಿನ್ನ ಕೈಲಾಗಲ್ಲ" ಎಂದು ಹೊಂಬಾಳಮ್ಮನಿಗೆ ಮೊಟ್ಟಮೊದಲು ಹೇಳಿದವಳು ಅವಳ ಒಡಹುಟ್ಟಿದ ಅಕ್ಕ, ನಿಂಗಾಜಮ್ಮ.

ಆಮೇಲೆ ಬಹಳ ಜನ ಹೇಳಿದರು. ಮೋಟಾರು ಕೂರಿಸಲು ಬಂದವನು ಹೇಳಿದ. ಕರೆಂಟ್ ಆಫೀಸಿನ ಗುಮಾಸ್ತ ಹೇಳಿದ. ಗಂಡ ಸತ್ತು ವರ್ಷ ತುಂಬಿಲ್ಲ, ಹಿಟ್ಟಿನ ಮಿಲ್ಲು ಇಡುತ್ತಾಳಂತೆ ಎಂದು ಇಡೀ ಬೀದಿ ಹೇಳಿತು. ಅವರೆಲ್ಲರ ಮಾತು ಮಿಲ್ಲಿನ ಸದ್ದಿನಲ್ಲಿ ಅಡಗಿಹೋಯಿತು.

ಅಕ್ಕನ ಮಾತು ಅಡಗಲಿಲ್ಲ. ಅವ್ವ ಸತ್ತ ಮೇಲೆ ಹೊಂಬಾಳಮ್ಮನ ತಲೆ ಬಾಚಿ ಬೆಳೆಸಿದ ಕೈ ಅದು.

"ಮಿಲ್ಲು ಗಂಡಸರ ಕೆಲಸ ಕಣೇ. ಬೆಲ್ಟಿಗೆ ಸೆರಗು ಸಿಕ್ಕಿದ್ರೆ ಹೆಣ ಆಗ್ತೀಯ. ಸುಮ್ನೆ ನಮ್ಮನೆಗೆ ಬಂದುಬಿಡು. ನಮ್ಮನೇಲಿ ಜಾಗಕ್ಕೇನು ಬರವಾ?"

"ಆ ಜಾಗ ನೀನೇ ಇಟ್ಕೊ. ಇನ್ನು ನಿನ್ನ ಹೊಸಲು ತುಳಿದ್ರೆ ನನ್ನ ಸ್ವಂತ ಕಾರಲ್ಲಿ ಬಂದೇ ತುಳಿಯೋದು."

ಅಕ್ಕ ನಕ್ಕುಬಿಟ್ಟಳು. "ಯಾವ ಕಾರೇ? ಆ ಇಂಜಿನಿಯರ್ ದೊರೆಯ ಟಾಪಿಲ್ಲದ ಕಾರಾ?"

ನಗಬಾರದಿತ್ತು. ಆ ಕಾರಿನ ಕನಸು ಇಬ್ಬರದೂ ಆಗಿತ್ತು. ನಾಲೆ ಅಗೆಯುವ ಕಾಲದಲ್ಲಿ ಅಕ್ಕತಂಗಿ ಸಗಣಿ ಬುಟ್ಟಿ ಹೊತ್ತು ರಸ್ತೆ ಬದಿಗೆ ನಿಲ್ಲುತ್ತಿದ್ದರು. ಹಸಿರು ಬಣ್ಣದ ತೆರೆದ ಕಾರು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಇಂಜಿನಿಯರ ಹೆಂಡತಿಯ ಸೆರಗು ಗಾಳಿಗೆ ಬಾವುಟದಂತೆ ಹಾರುತ್ತಿತ್ತು. "ನಾನೂ ಒಂದಿನ ಹಂಗೆ ಓಡಿಸ್ತೀನಿ" ಎಂದು ತಂಗಿ ಅಂದರೆ, "ಪಕ್ಕದಲ್ಲಿ ನಾನೇ ಕಣೇ, ಬೇರೆಯೋರನ್ನ ಕೂರಿಸ್ಕೊಂಡೀಯ" ಎಂದು ಅಕ್ಕ ಗದರುತ್ತಿದ್ದಳು.

ಹೊಂಬಾಳಮ್ಮ ಹೊಳೆ ದಾಟಿ ಈಚೆ ದಂಡೆಗೆ ಬಂದಳು. ಮತ್ತೆ ದಾಟಲಿಲ್ಲ.

ಅಕ್ಕನ ಊರು ಆಚೆ ದಂಡೆಯಿಂದ ಎರಡು ಮೈಲಿ. ಆಗ ಹರಿಗೋಲಿತ್ತು. ಆಮೇಲೆ ಸೇತುವೆಯಾಯಿತು, ಬಸ್ಸು ಬಂತು. ಅವಳು ಹೋಗಲಿಲ್ಲ. ಭಾವ ತೀರಿಕೊಂಡ ದಿನ ಈಚೆ ದಂಡೆಯಲ್ಲಿ ನಿಂತು ಆಚೆಯ ಹೊಗೆ ಕರಗುವವರೆಗೆ ನೋಡಿ, ತಲೆಗೆ ನೀರು ಹಾಕಿಕೊಂಡು ಬಂದು ಮಿಲ್ಲಿನ ಬಾಗಿಲು ತೆರೆದಳು.

ಹದಿನೆಂಟು ವರ್ಷ ಹೀಗೆ ಹೋಯಿತು.

*

ಅಂಥದ್ದೇ ಕಾರು ಸಿಕ್ಕಿದ್ದು ಮುಚ್ಚಿಹೋದ ಒಂದು ಅಕ್ಕಿ ಗೋದಾಮಿನಲ್ಲಿ. ಟಾಪಿನ ಬಟ್ಟೆ ಇಲಿ ತಿಂದಿತ್ತು. ಸೀಟಿನ ಮೇಲೆ ಕೋಳಿಗಳು ಸಂಸಾರ ಹೂಡಿದ್ದವು.

"ಕಾರು ತಗೊಂಡ್ಹೋಗಿ. ಕೋಳಿ ನಮ್ಮವು" ಎಂದ ಗೋದಾಮಿನ ಯಜಮಾನ.

ಎತ್ತಿನ ಗಾಡಿಗೆ ಕಟ್ಟಿ ಎಳೆಸಿ, ಮಿಲ್ಲಿನ ಹಿಂದಿನ ತನ್ನ ಹಿತ್ತಲಿಗೆ ತಂದು ನಿಲ್ಲಿಸಿದಳು. ಪೇಟೆಯ ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು.

"ಟಾಪಿಲ್ಲದ ಗಾಡೀನ ದಿನಾ ಓಡಿಸ್ತೀರಾ ಅಮ್ಮ? ಬಣ್ಣ ಬಳಿದು ಮದುವೆ ಮೆರವಣಿಗೆಗೆ ಬಿಡಿ, ಚೆನ್ನಾಗಿರುತ್ತೆ."

ಅವರಲ್ಲಿ ವಯಸ್ಸಾದವನೊಬ್ಬ ಮಾತ್ರ ಹೇಳಿದ: "ಇದರ ಜಾತಕ ಗೊತ್ತಿರೋರು ಒಬ್ಬರೇ. ದಸ್ತಗೀರ್ ಮೇಸ್ತ್ರಿ. ಹೊಳೆ ದಂಡೇಲಿದಾರೆ. ಕೈ ನಡುಗುತ್ತೆ, ಕೆಲಸ ಬಿಟ್ಟು ಬಹಳ ದಿನ ಆಯ್ತು."

*

ಹೊಳೆಯ ಮೆಟ್ಟಿಲ ಪಕ್ಕ ಒಂದು ಗುಡಿಸಲು, ಮುಂದೆ ಒಂದು ಕಲ್ಲು. ಕಲ್ಲಿನ ಮೇಲೆ ಕೂತಿದ್ದ ಮುದುಕರ ಕೈಯಲ್ಲಿ ಬಸಿಯ ಚಹಾ ಅರ್ಧ ಚೆಲ್ಲಿತ್ತು.

ಹೊಂಬಾಳಮ್ಮ ಕಾರಿನ ವಿಷಯ ಹೇಳಿದಳು. ಅವರು ಉಳಿದ ಚಹಾ ಮುಗಿಸಿ ಬಸಿ ಕೆಳಗಿಟ್ಟರು.

"ಮೆರೆಸೋಕಾ, ಓಡಿಸೋಕಾ?"

"ಓಡಿಸೋಕೆ ಮೇಸ್ತ್ರಿ. ದಿನಾ."

"ದಿನಾ ಎಲ್ಲಿಗೆ?"

ಹೊಂಬಾಳಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಿಲ್ಲು ಮನೆಗೆ ಅಂಟಿಕೊಂಡಿದೆ. ಸಂತೆ ಬೀದಿ ಕೊನೆಯಲ್ಲಿದೆ. ಬ್ಯಾಂಕು ಸಂತೆಯ ಎದುರಿಗಿದೆ. ಎಲ್ಲಕ್ಕೂ ಅವಳು ನಡೆದೇ ಹೋಗಿಬರುವವಳು.

"ಮೊದಲನೇ ದಿನ ಎಲ್ಲಿಗೆ ಅಂತ ಗೊತ್ತು. ಎರಡನೇ ದಿನದ್ದು ಗೊತ್ತಿಲ್ಲ."

ಮುದುಕರು ಅವಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು.

"ಮೊದಲನೇ ದಿನಕ್ಕಾದರೆ ಬಣ್ಣ ಸಾಕು. ಎರಡನೇ ದಿನಕ್ಕೆ ಅಡಿಯ ತಗಡು ಬೇಕು. ಹೋಗಿ ಗಾಡಿ ಕೆಳಗೆ ಮಲಗಿ ನೋಡು. ನೋಡಿದ್ದನ್ನ ನಾಳೆ ಬಂದು ಹೇಳು."

"ನೀವೇ ಒಂದ್ಸಲ ಬಂದು ನೋಡಿದ್ರೆ..."

"ನನಗೆ ಗೊತ್ತು ಅಲ್ಲೇನಿದೆ ಅಂತ. ನಿನಗೆ ಗೊತ್ತಾಗಬೇಕು."

*

ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿದಳು. ಬೆರಳಿಟ್ಟಲ್ಲಿ ತಗಡು ಹಪ್ಪಳದಂತೆ ಮುರಿಯಿತು. ಕಣ್ಣಿಗೆ ತುಕ್ಕು ಉದುರಿತು.

ಹೀಗೆ ಶುರುವಾಯಿತು. ಬೆಳಗ್ಗೆ ರಾಗಿ, ಅಕ್ಕಿ, ಮೆಣಸಿನಕಾಯಿ ಬೀಸುವುದು. ಮಧ್ಯಾಹ್ನ ಮಿಲ್ಲಿಗೆ ಬಿಡುವಾದಾಗ ಕಾರು. ಸಂಜೆ ಹೊಳೆ ದಂಡೆ.

ಇಂಜಿನ್ನು ಬಿಚ್ಚುವುದನ್ನು ಮೇಸ್ತ್ರಿ ಬಾಯಲ್ಲೇ ಕಲಿಸಿದರು. ವೆಲ್ಡಿಂಗ್ ಕಲಿಯಲು ಕಿಟಕಿಯ ಸರಳು ಮಾಡುವವನ ಅಂಗಡಿಗೆ ಎರಡು ತಿಂಗಳು ಕಳಿಸಿದರು. ಕಾರಿನ ಇಂಗ್ಲಿಷ್ ಪುಸ್ತಕವೊಂದನ್ನು ಎಲ್ಲಿಂದಲೋ ತರಿಸಿಕೊಂಡಳು. ಓದಿದ್ದು ಐದನೇ ಕ್ಲಾಸು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ದಿನಕ್ಕೆ ಅರ್ಧ ಪುಟದಂತೆ ಓದಿದಳು. ಪುಟಗಳಿಗೆ ಮೊದಲು ಗ್ರೀಸು ಹತ್ತಿತು, ಆಮೇಲೆ ರಾಗಿ ಹಿಟ್ಟು.

ಓದಿದ್ದು ತಲೆಗೆ ಹತ್ತಿದ ಹಾಗೆ ಸ್ವಲ್ಪ ನೆತ್ತಿಗೂ ಏರಿತು.

ಬಾಗಿಲುಗಳ ಅಡಿಯಲ್ಲಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಎರಡೂ ಬದಿಗೆ ತಗಡಿನ ತೊಲೆಯಂಥದ್ದೊಂದಿತ್ತು. ಪೂರಾ ತುಕ್ಕು. ಅದನ್ನು ಕೊಯ್ದು ಹೊಸದು ಕೂರಿಸಬೇಕು ಎಂದು ಪುಸ್ತಕದಲ್ಲಿತ್ತು. ಮೇಸ್ತ್ರಿಯನ್ನು ಕೇಳಲು ಸಂಜೆಯವರೆಗೆ ಯಾಕೆ ಕಾಯಬೇಕು ಅನ್ನಿಸಿತು. ಬಾಗಿಲು ಕಳಚಿಟ್ಟು, ತಗಡು ಕೊಯ್ಯುವ ಗ್ರೈಂಡರ್ ಹಿಡಿದು, ಎರಡೂ ಬದಿಯನ್ನು ಒಂದೇ ಮಧ್ಯಾಹ್ನ ಕೊಯ್ದುಹಾಕಿದಳು.

ಕಾರು ನಿಟ್ಟುಸಿರು ಬಿಟ್ಟಂಥ ಸದ್ದಾಯಿತು.

ನಡು ಕುಸಿದಿತ್ತು. ಬಾಗಿಲನ್ನು ಎತ್ತಿ ಅದರ ಜಾಗಕ್ಕೆ ಹಿಡಿದು ನೋಡಿದಳು. ಒಳಗೆ ಹೋಗಲಿಲ್ಲ. ಮೇಲ್ಗಡೆ ಎರಡು ಬೆರಳಷ್ಟು ಜಾಗ ಕಮ್ಮಿಯಾಗಿತ್ತು.

*

ಆ ದಿನ ಅವಳು ಹೊಳೆ ದಂಡೆಗೆ ಓಡಿಕೊಂಡೇ ಹೋದಳು.

"ಕೊಯ್ಯೋ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಪೈಪು ಕಟ್ಟಿದೆಯಾ?" ಎಂದರು ಮೇಸ್ತ್ರಿ.

"ಪುಸ್ತಕದಲ್ಲಿ ಹಾಗೆ ಇರಲಿಲ್ಲ."

"ಮುಂದಿನ ಪುಟದಲ್ಲಿರುತ್ತೆ."

ಅವಳು ತಲೆ ತಗ್ಗಿಸಿದಳು. ಮುಂದಿನ ಪುಟ ಓದಿರಲಿಲ್ಲ.

ಮೇಸ್ತ್ರಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಮೇಲಿನ ಕವಚವನ್ನು ಪಕ್ಕಕ್ಕಿಟ್ಟು, ಕಡ್ಡಿಗಳಿರುವ ಒಳಗಿನ ತಟ್ಟೆಯನ್ನು ಅವಳ ಕೈಗೆ ಕೊಟ್ಟರು.

"ಎರಡು ತುದಿ ಹಿಡಿದು ಎತ್ತು."

ಎತ್ತಿದಳು. ನೆಟ್ಟಗಿತ್ತು.

"ಎರಡೂ ಪಕ್ಕದ ಗೋಡೆ ನಡುವಿಗೆ ಹರಿ."

ಉಗುರಿನಿಂದ ಹರಿದಳು.

"ಈಗ ಎತ್ತು."

ತಟ್ಟೆ ನಡುವಿಗೆ ಮಡಚಿಕೊಂಡಿತು. ಕಡ್ಡಿಗಳೆಲ್ಲ ಮರಳಿಗೆ ಚೆಲ್ಲಿದವು.

"ಟಾಪಿರೋ ಗಾಡೀನ ಮೇಲಿಂದಲೂ ಹಿಡಿದಿರುತ್ತೆ. ಟಾಪಿಲ್ಲದ್ದನ್ನ ಕೆಳಗಿಂದಲೇ ಹಿಡೀಬೇಕು. ಅದನ್ನೇ ನೀನು ಕೊಯ್ದೆ."

ಹೊಂಬಾಳಮ್ಮ ಮರಳಿನಿಂದ ಒಂದೊಂದೇ ಕಡ್ಡಿ ಹೆಕ್ಕಿದಳು. ಅಳು ಬಂದರೂ ಅಳುವ ಹೆಂಗಸಲ್ಲ ಅವಳು. ಸಿಟ್ಟು ಬಂತು.

"ಮೇಲೆ ಯಾವ ಸೂರೂ ಇಲ್ಲದೆ ನಿಂತವಳು ನಾನೂ ಮೇಸ್ತ್ರಿ. ನಾನೇನು ಕುಸೀಲಿಲ್ಲ."

"ನಿನ್ನ ಕೆಳಗಿಂದ ಹಿಡಿದೋರು ಯಾರು?"

"ಯಾರೂ ಇಲ್ಲ. ನಾನೇ."

"ಗಾಡಿ ಕೆಳಗೂ ಏನಿಲ್ಲ ಅಂದ್ಕೊಂಡೇ ಅಲ್ವಾ ಕೊಯ್ದಿದ್ದು?" ಎಂದು ಮೇಸ್ತ್ರಿ ಕಡ್ಡಿಗಳಿಗೆ ಕೈಚಾಚಿದರು. "ಗಾಡಿ ನಡುವಿಗೆ ಜಾಕಿ ಕೊಡು. ದಿನಕ್ಕೆ ಕಾಲು ಸುತ್ತು ಎತ್ತು. ಹೆಚ್ಚು ಬೇಡ."

"ಒಂದೇ ದಿನ ಎತ್ತಿದ್ರೆ?"

"ಇನ್ನೊಂದು ಕಡೆ ಮುರಿಯುತ್ತೆ."

*

ದಿನಕ್ಕೆ ಕಾಲು ಸುತ್ತು. ಹಾಗೆ ನಲವತ್ತು ದಿನ.

ಜಾಕಿ ತಿರುಗಿಸುವುದು ಒಂದು ಗಳಿಗೆಯ ಕೆಲಸ. ಉಳಿದ ಹೊತ್ತೆಲ್ಲ ಮೇಸ್ತ್ರಿಯ ಪ್ರಶ್ನೆ ಅವಳನ್ನು ಕೊರೆಯಿತು. ಯಾರು ಹಿಡಿದಿದ್ದರು? ಮಿಲ್ಲು ಇಟ್ಟ ಮೊದಲ ವರ್ಷವನ್ನು ಮನಸ್ಸಿನಲ್ಲೇ ಬಿಚ್ಚಿ ಹಾಸಿದಳು. ಆ ವರ್ಷ ಈ ಬೀದಿಯವರು ಯಾರೂ ಅವಳಲ್ಲಿಗೆ ಬೀಸಿಸಲು ಬಂದಿರಲಿಲ್ಲ. ಬಂದವರೆಲ್ಲ ಹೊಳೆಯಾಚೆಯ ಹೆಂಗಸರು. ತಲೆಯ ಮೇಲೆ ರಾಗಿ ಹೊತ್ತು, ಹರಿಗೋಲು ದಾಟಿ ಬರುತ್ತಿದ್ದರು.

ಅವರಲ್ಲೊಬ್ಬಳು, ದುಂಡಮ್ಮ, ಈಗಲೂ ಬರುತ್ತಿದ್ದಳು. ಒಂದು ದಿನ ಅವಳ ಚೀಲ ತೂಗುತ್ತಾ ಹೊಂಬಾಳಮ್ಮ ಕೇಳಿದಳು.

"ಅಲ್ಲಾ ದುಂಡಕ್ಕ, ನಿಮ್ಮೂರಲ್ಲೇ ಮಿಲ್ಲಿತ್ತಲ್ಲ. ಆಗ ಹೊಳೆ ದಾಟ್ಕೊಂಡು ಇಲ್ಲಿಗ್ಯಾಕೆ ಬರ್ತಿದ್ರಿ?"

"ಹೂಂ, ನಮಗೇನು ಹುಚ್ಚಾ? ನಿಮ್ಮಕ್ಕ ಬಿಡ್ಬೇಕಲ್ಲ. ಮನೆಮನೆ ಬಾಗ್ಲಿಗೆ ಬಂದು, 'ಆಚೆ ದಂಡೆ ಮಿಲ್ಲಲ್ಲಿ ಹಿಟ್ಟು ಬೆಣ್ಣೆ ಹಂಗೆ ಬರ್ತದೆ, ಅಲ್ಲಿಗೋಗಿ' ಅಂತ ಪ್ರಾಣ ತಿಂದ್ಲು. ಹೋಗ್ದಿದ್ರೆ ಬಾವೀಲಿ ನೀರು ಸೇದೋಕೂ ಬಿಡ್ತಿರ್ಲಿಲ್ಲ ಆ ಮಾರಾಯ್ತಿ. ಹೇಳ್ಬೇಡಿ ಅಂತ ಆಣೆ ಬೇರೆ ಹಾಕ್ಸಿದ್ಲು. ಈಗ ಹೇಳ್ಬುಟ್ನಲ್ಲ, ಏನ್ ಮಾಡ್ಲಿ?"

ತಕ್ಕಡಿಯ ಮುಳ್ಳು ನಿಂತು ಎಷ್ಟೋ ಹೊತ್ತಾಗಿತ್ತು. ಹೊಂಬಾಳಮ್ಮ ಅದನ್ನೇ ನೋಡುತ್ತಾ ನಿಂತಿದ್ದಳು.

*

ಸಂಜೆ ಮೇಸ್ತ್ರಿಗೆ ಎಲ್ಲವನ್ನೂ ಹೇಳಿದಳು. ಅಕ್ಕ, ಜಗಳ, ನಗು, ಆಡಿದ ಮಾತು, ದುಂಡಮ್ಮ.

"ಸೇತುವೆ ಮೇಲೆ ಐದು ಗಂಟೆಗೊಂದು ಬಸ್ಸಿದೆ" ಎಂದರು ಮೇಸ್ತ್ರಿ.

"ಕಾರಲ್ಲೇ ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಕೊಟ್ಟಿದ್ದಾ? ಎಸೆದಿದ್ದಲ್ವಾ?"

ಐದು ಗಂಟೆಯ ಬಸ್ಸು ಸೇತುವೆಯ ಮೇಲೆ ಹೋಯಿತು. ಇಬ್ಬರೂ ನೋಡಿದರು.

"ಕಾರು ಮುಗೀಲಿ ಮೇಸ್ತ್ರಿ. ಇನ್ನೆಷ್ಟು ದಿನ."

ಮೇಸ್ತ್ರಿ ಬಸ್ಸು ಹೋದ ದಿಕ್ಕಿನಿಂದ ಕಣ್ಣು ತೆಗೆಯಲಿಲ್ಲ.

*

ನಡು ಮೇಲೆದ್ದಿತು. ಅಡ್ಡ ಪೈಪು ಕಟ್ಟಿ, ಹೊಸ ತಗಡಿನ ತೊಲೆಗಳನ್ನು ಬೆಸೆದಳು. ಕಾರನ್ನು ನಾಲ್ಕು ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ್ದಾಗಲೇ ಬಾಗಿಲು ಕೂರಿಸಿದಳು. ಸುತ್ತ ಒಂದು ನಾಣ್ಯ ಓಡಾಡುವಷ್ಟೇ ಸಂದು, ಎಲ್ಲ ಕಡೆ ಸಮ. ಮುಚ್ಚಿದರೆ ಬೆಣ್ಣೆಗೆ ಬೆರಳಿಟ್ಟ ಹಾಗೆ.

ದಿಮ್ಮಿ ತೆಗೆದು ಕಾರನ್ನು ನೆಲಕ್ಕಿಳಿಸಿದಳು. ಬಾಗಿಲು ಕಚ್ಚಿಕೊಂಡಿತು.

ಈ ಸಲ ಮೇಸ್ತ್ರಿಯೇ ಆಟೋದಲ್ಲಿ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ನಡುಗುವ ಬೆರಳನ್ನು ಬಾಗಿಲ ಸಂದಿನಗುಂಟ ಎಳೆದರು.

"ಗಾಳೀಲಿ ಓಡಿಸ್ತೀಯಾ, ನೆಲದ ಮೇಲಾ?"

"ನೆಲದ ಮೇಲೆ."

"ಹಾಗಾದರೆ ನೆಲದ ಮೇಲೆ ನಿಲ್ಲಿಸಿ ಕೂರಿಸು. ಖಾಲಿ ಗಾಡಿಗೆ ಕೂರಿಸಬೇಡ. ಕೂರೋರು ಕೂತ ಮೇಲೆ ಇದು ಇನ್ನೊಂದು ನೂಲಿನೆಳೆಯಷ್ಟು ಇಳಿಯುತ್ತೆ. ನಿನ್ನ ತೂಕದ ಒಂದು ಚೀಲ ಸ್ಟಿಯರಿಂಗ್ ಹಿಂದೆ ಇಡು." ಆಮೇಲೆ ಕೇಳಿದರು: "ಪಕ್ಕದಲ್ಲಿ ಕೂರೋರ ತೂಕ ಎಷ್ಟು?"

"ಅರವತ್ತೆಂಟು ಕೆಜಿ" ಎಂದಳು ಹೊಂಬಾಳಮ್ಮ ತಟ್ಟನೆ.

"ಅಷ್ಟು ಖಂಡಿತವಾಗಿ?"

"ಮಿಲ್ಲಿಗೆ ಅಂತ ಎಲ್ಲಕ್ಕಿಂತ ಮೊದಲು ಕೊಂಡಿದ್ದೇ ತೂಕದ ಯಂತ್ರ, ಅದು ಬಂದ ದಿನ ಮೊದಲು ಹತ್ತಿದ್ದೇ ಅವಳು. ಜಗಳ ಆಗೋಕೆ ಮುಂಚೆ. 'ನೋಡೇ, ಒಂದು ಮೂಟೆ ಅಕ್ಕಿ ಆಗ್ತೀನಿ' ಅಂತ ನಕ್ಕಿದ್ಲು."

ಮೇಸ್ತ್ರಿ ಪಕ್ಕದ ಖಾಲಿ ಸೀಟನ್ನು ಒಮ್ಮೆ ನೋಡಿ ಆಟೋ ಹತ್ತಿದರು.

*

ಎರಡು ಚೀಲಕ್ಕೆ ರಾಗಿ ತುಂಬಿದಳು. ಒಂದು ತನ್ನ ತೂಕ, ಒಂದು ಅಕ್ಕನ ತೂಕ. ಚೀಲದಿಂದ ಧೂಳು ಸೀಟಿಗಿಳಿಯಬಾರದೆಂದು ಪಕ್ಕದ ಸೀಟಿನ ಚೀಲಕ್ಕೆ ತನ್ನದೊಂದು ಹಳೆಯ ಸೀರೆ ಹೊದಿಸಿದಳು.

ಹೊದಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಅಕ್ಕ ಹೀಗೇ ಕೂರುತ್ತಿದ್ದಳು. ಭುಜ ಸ್ವಲ್ಪ ಒರಗಿಸಿ, ಹೊಟ್ಟೆ ಮುಂದೆ ಬಿಟ್ಟು, ಯಾರಪ್ಪನ ಭಯವೂ ಇಲ್ಲದವಳ ಹಾಗೆ.

ಬಾಗಿಲು ಕೂರಿಸಲು ಹದಿನಾರು ದಿನ ಹಿಡಿಯಿತು. ಮೂರು ದಿನದಲ್ಲಿ ಮುಗಿಯುವ ಕೆಲಸ. ತಿರುಪು ಅರ್ಧ ಸುತ್ತು ಸಡಿಲಿಸುವುದು, ಮುಚ್ಚಿ ನೋಡುವುದು, ಬಿಗಿಯುವುದು, ಆಮೇಲೆ ತನ್ನ ಚೀಲವನ್ನು ಕೆಳಗಿಳಿಸಿ ತಾನೇ ಕೂತು ನೋಡುವುದು. ಕೂತಾಗ ಸುಮ್ಮನೆ ಕೂರುತ್ತಿರಲಿಲ್ಲ.

"ಗಾಳಿ ಬರ್ತಿದೆಯಾ ಅಕ್ಕ?" ಎನ್ನುತ್ತಿದ್ದಳು. ಹಿತ್ತಲಿನ ನುಗ್ಗೆಮರದಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ದುಂಡಮ್ಮ ಹಿಟ್ಟು ತೆಗೆದುಕೊಳ್ಳಲು ಹಿತ್ತಲಿಗೇ ಬಂದುಬಿಟ್ಟಳು. ಸೀರೆ ಉಟ್ಟ ಚೀಲವನ್ನೂ, ಚೀಲದ ಪಕ್ಕ ಕೂತ ಹೊಂಬಾಳಮ್ಮನನ್ನೂ ನೋಡಿದಳು. ಹಿಟ್ಟನ್ನೂ ಮರೆತು ಹಿಂದೆ ತಿರುಗಿ ಹೋದಳು.

*

ಬಣ್ಣ ಹಸಿರು. ಡಬ್ಬಿಯ ಮೇಲಿನ ಹೆಸರಿನ ಹಸಿರಲ್ಲ, ನೆನಪಿನ ಹಸಿರು. ಐದು ಸಲ ಬೆರೆಸಿ ಆರನೆಯ ಸಲಕ್ಕೆ ಸಿಕ್ಕಿತು. ಮಡಚುವ ಟಾಪಿಗೆ ದಪ್ಪ ಕ್ಯಾನ್ವಾಸು ತಂದು ತಾನೇ ಹೊಲಿದಳು. ಇಂಜಿನ್ನು ಮೊದಲನೇ ಸಲ ಗುಡುಗಿದಾಗ ಬೀದಿಯ ಮಕ್ಕಳು ಗೋಡೆ ಹತ್ತಿದರು. ಬೆಳಗಿನ ಹೊತ್ತು ಕಾಲೇಜು ಮೈದಾನದಲ್ಲಿ ಓಡಿಸಿ ಕಲಿತಳು, ಲೈಸೆನ್ಸು ಮಾಡಿಸಿದಳು.

ಆದರೂ ಕಾರು ಹೊಳೆ ದಾಟಲಿಲ್ಲ.

"ಮುಗಿದಿಲ್ವಾ?" ಎಂದರು ಮೇಸ್ತ್ರಿ.

"ಬಾನೆಟ್ ಮೇಲೆ ಸಣ್ಣ ಗುಳ್ಳೆ ಎದ್ದಿದೆ. ಉಜ್ಜಿ ಮತ್ತೆ ಬಳೀತಿದ್ದೀನಿ."

ಹದಿನೈದು ದಿನ ಬಿಟ್ಟು ಕೇಳಿದರು. "ಈಗ?"

"ಹಿಂದಿನ ಬಾಗಿಲ ಹತ್ತಿರ ಒಂದು ಗೀರು ಕಾಣುತ್ತೆ."

"ಯಾರಿಗೆ ಕಾಣುತ್ತೆ?"

"ಅವಳಿಗೆ. ಅವಳ ಕಣ್ಣು ನಿಮಗೆ ಗೊತ್ತಿಲ್ಲ ಮೇಸ್ತ್ರಿ. ಮೊದಲು ಅದೇ ಹೇಳ್ತಾಳೆ."

ಮರುದಿನ ಆಟೋ ಬಂತು. ಮೇಸ್ತ್ರಿ ಕಾರನ್ನು ನೋಡಲಿಲ್ಲ. ಗೋಡೆ ಬದಿಗಿದ್ದ ಹಸಿರು ಬಣ್ಣದ ಡಬ್ಬಿಯನ್ನು ಎತ್ತಿಕೊಂಡರು, ಕುಂಚವನ್ನೂ ತೆಗೆದುಕೊಂಡರು.

"ಇದೊಂಚೂರು ಬೇಕಾಗಿತ್ತು" ಎಂದು ಹೊರಟರು.

ಗುರು ಕೇಳಿದ್ದನ್ನು ಕೊಡುವುದಿಲ್ಲ ಅನ್ನಲಾಗುತ್ತದೆಯೇ? ಆದರೂ ಸಂಜೆ ಗೀರಿನ ನೆನಪಾಗಿ, ಉಳಿದಿದ್ದನ್ನು ತರಲು ಹೊಳೆ ದಂಡೆಗೆ ಹೋದಳು.

ಗುಡಿಸಲಿನ ಬಾಗಿಲು ಪೂರಾ ಹಸಿರಾಗಿತ್ತು. ನಡುಗುವ ಕೈಯ ಬಳಿತ. ಬಣ್ಣ ಗೋಡೆಗೂ, ಕಲ್ಲಿಗೂ, ಮೇಸ್ತ್ರಿಯ ಗಡ್ಡಕ್ಕೂ ಹತ್ತಿತ್ತು. ಡಬ್ಬಿ ಬೋರಲು ಬಿದ್ದಿತ್ತು.

"ಮೇಸ್ತ್ರಿ! ಆರು ಸಲ ಬೆರೆಸಿದ ಬಣ್ಣ ಅದು! ಇನ್ನೊಂದು ಸಲ ಅದೇ ಹಸಿರು ಬರಲ್ಲ!"

"ಚೆನ್ನಾಗಿದೆ ಬಣ್ಣ" ಎಂದರು ಮೇಸ್ತ್ರಿ. "ಮುಗೀತು. ಹೋಗು."

*

ಮರುದಿನ ಬೆಳಗ್ಗೆ ಮಿಲ್ಲಿಗೆ ಬೀಗ ಹಾಕಿದಳು. ಟಾಪು ಮಡಚಿದಳು. ಪಕ್ಕದ ಸೀಟಿನಿಂದ ಚೀಲವನ್ನು ಇಳಿಸಿದಳು. ಹೊದಿಸಿದ್ದ ಸೀರೆಯನ್ನು ಮಡಚಿಟ್ಟಳು.

ಸೇತುವೆಯ ಮೇಲೆ ಗಾಳಿ ಸೆರಗನ್ನು ಕಿತ್ತುಕೊಂಡಿತು. ಅವಳು ಸರಿಮಾಡಿಕೊಳ್ಳಲಿಲ್ಲ.

ಅಕ್ಕನ ಮನೆಯ ಮುಂದೆ ಹಾರನ್ ಒತ್ತಬೇಕು, ಗಟ್ಟಿಯಾಗಿ, ಮೂರು ಸಲ ಒತ್ತಬೇಕು ಎಂದು ಹತ್ತೊಂಬತ್ತು ವರ್ಷದಿಂದ ಅಂದುಕೊಂಡಿದ್ದಳು. ಒತ್ತಲಿಲ್ಲ.

ಜಗುಲಿಯ ಮೇಲೆ ಒಬ್ಬ ಮುದುಕಿ ಬಿಸಿಲು ಕಾಯುತ್ತಿದ್ದಳು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಬೆಳ್ಳಿ ಕಡಗ ಮೊಣಕೈಯವರೆಗೂ ಜಾರುತ್ತಿತ್ತು. ಅಕ್ಕನ ಮನೆಯಲ್ಲಿ ಇಂಥವರು ಯಾರಿದ್ದಾರೆ ಎಂದು ಹೊಂಬಾಳಮ್ಮ ಒಂದು ಗಳಿಗೆ ಯೋಚಿಸಿದಳು.

"ಹಿಂದಿನ ಬಾಗಿಲ ಹತ್ರ ಗೀರು ಬಿದ್ದದಲ್ಲೇ" ಎಂದಳು ಮುದುಕಿ.

ಹೊಂಬಾಳಮ್ಮನಿಗೆ ಕಾರಿನಿಂದ ಇಳಿಯುವುದು ಹೇಗೆಂದೇ ಮರೆತುಹೋಯಿತು.

"ಅಕ್ಕ... ಏನಾಯ್ತೇ ನಿಂಗೆ?"

"ಹೋದ ವರ್ಷ ಹಾಸಿಗೆ ಹಿಡಿದು ಎದ್ದೆ. ಈಗ ವಾಸಿ ಅಂದವ್ರೆ ಡಾಕ್ಟ್ರು. ಊಟ ಒಂದು ಸೇರಲ್ಲ."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ದುಂಡಮ್ಮಂಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದೆ. ನೀನು ಕಾರಲ್ಲಿ ಬರೋಳು. ಬಸ್ಸಲ್ಲಿ ಬಾ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು. "ಎರಡು ತುತ್ತು ತಿಂದ್ರೆ ಹೆಚ್ಚು ಚಿಕ್ಕತ್ತೆ. ಹೇಳಿ ಹೇಳಿ ನಂಗೆ ಸಾಕಾಯ್ತು."

"ನೀನು ಸುಮ್ನಿರೇ" ಎಂದು ಸೊಸೆಯನ್ನು ಗದರಿ, ನಿಂಗಾಜಮ್ಮ ಗೋಡೆ ಹಿಡಿದು ಎದ್ದಳು. ಕಾರಿನ ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಟಾಪಿಲ್ಲದ್ದೇ ತಂದ್ಯಲ್ಲೇ, ಹಟಮಾರಿ."

"ಹೂಂ."

"ನಾನು ನಗೋಕೆ ಅಂದಿದ್ದು ಕಣೇ. ಯಾವುದೋ ಒಂದರಲ್ಲಿ ಬರೋದಲ್ವಾ?"

ಹೊಂಬಾಳಮ್ಮ ಅಕ್ಕನ ಕೈ ಹಿಡಿದು ಕೂರಿಸಿ, ಬಾಗಿಲು ಮುಚ್ಚಿದಳು.

ಹದಿನಾರು ದಿನ ಕೂರಿಸಿದ ಬಾಗಿಲು. ಬೆಣ್ಣೆಗೆ ಬೆರಳಿಟ್ಟ ಹಾಗೆ ಮುಚ್ಚಬೇಕಾಗಿತ್ತು. ಚಿಲಕ ಅರೆಬರೆ ಹಿಡಿಯಿತು. ಹೊಳೆಯವರೆಗೂ, ಸೇತುವೆಯ ಮೇಲೂ, ಬೀದಿಯಲ್ಲೂ ಆ ಬದಿಯ ಬಾಗಿಲು ಕಟಕಟ ಅದುರುತ್ತಲೇ ಇತ್ತು.

"ಏನೇ ಇದು, ಹಲ್ಲು ಕಡೀತದೆ?" ಎಂದಳು ನಿಂಗಾಜಮ್ಮ. ಅವಳ ಸೆರಗು ಹಾರಿ ತಂಗಿಯ ಮುಖಕ್ಕೆ ಬಡಿಯುತ್ತಿತ್ತು.

ತಂಗಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬಾಗಿಲು ಯಾಕೆ ಅದುರುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು.

ಮಿಲ್ಲಿನಲ್ಲಿ ಅಕ್ಕ ತಾನಾಗೇ ತೂಕದ ಯಂತ್ರ ಹತ್ತಿದಳು. ಮುಳ್ಳು ನಲವತ್ತನಾಲ್ಕರಲ್ಲಿ ನಿಂತಿತು.

"ನೋಡೇ, ಈಗ ಮುಕ್ಕಾಲು ಮೂಟೇನೂ ಇಲ್ಲ" ಎಂದು ನಿಂಗಾಜಮ್ಮ ನಕ್ಕಳು. ಈ ಸಲ ನಗುವಿನ ಜೊತೆ ಕೆಮ್ಮೂ ಬಂತು.

*

ಅಕ್ಕ ತಂಗಿಯ ಮನೆಯಲ್ಲಿ ಇರಲು ಒಪ್ಪಲಿಲ್ಲ. ಆಚೆ ಮೊಮ್ಮಕ್ಕಳಿದ್ದರು, ಎಮ್ಮೆಯಿತ್ತು, ಗದರಲು ಸೊಸೆಯಿದ್ದಳು. ಹಾಗಾಗಿ ಹೊಂಬಾಳಮ್ಮ ದಿನಾ ಮಧ್ಯಾಹ್ನ ಹೋಗಿ ಕರೆತರುತ್ತಾಳೆ, ಇಳಿಹೊತ್ತಿಗೆ ಬಿಟ್ಟುಬರುತ್ತಾಳೆ. ಮಳೆ ಬಂದರೆ ಟಾಪು ಎಳೆಯುತ್ತಾಳೆ. ಕಾರಿನ ಮೈಮೇಲೆ ಈಗ ಒಂದಲ್ಲ, ಏಳು ಗೀರುಗಳಿವೆ.

ಹದಿನೈದು ದಿನದ ಮೇಲೆ ಹೊಳೆ ದಂಡೆಗೆ ಹೋದಳು. ಮೇಸ್ತ್ರಿ ಕಲ್ಲಿನ ಮೇಲೆ ಕೂತಿದ್ದರು.

"ಓಡುತ್ತಾ?"

"ದಿನಾ ಓಡುತ್ತೆ ಮೇಸ್ತ್ರಿ. ಹೋಗ್ತಾ ಎರಡು ಮೈಲಿ, ಬರ್ತಾ ಎರಡು ಮೈಲಿ. ನನ್ನದೇ ಕಾರು. ನನ್ನ ಕೈಲೇ ಆಗಿದ್ದು. ಪಕ್ಕದ ಸೀಟಲ್ಲಿ ಅಕ್ಕ ಕೂರ್ತಾಳೆ."

"ಎಷ್ಟು ಹಿಡೀತು?"

ಅವಳು ಹೊಳೆಯನ್ನು ನೋಡಿದಳು. ನೀರು ಇಳಿದಿತ್ತು.

"ಹತ್ತೊಂಬತ್ತು ವರ್ಷ. ಇಪ್ಪತ್ತನಾಲ್ಕು ಕೆಜಿ."

ಮೇಸ್ತ್ರಿ ಬಸಿಗೆ ಚಹಾ ಬಗ್ಗಿಸಿಕೊಂಡರು.

"ಅವಳ ಕಡೆ ಬಾಗಿಲು ಅದುರುತ್ತೆ ಮೇಸ್ತ್ರಿ. ಕೇಳೋಕಾಗಲ್ಲ. ತಪ್ಪು ತೂಕಕ್ಕೆ ಕೂರಿಸಿಬಿಟ್ಟೆ. ನಾಳೆ ಬಿಚ್ಚಿ, ನಲವತ್ತನಾಲ್ಕು ಕೆಜಿ ಚೀಲ ಇಟ್ಟು ಮತ್ತೆ ಕೂರಿಸ್ತೀನಿ."

"ಬಾಗಿಲು ಮುಟ್ಟಬೇಡ" ಎಂದರು ಮೇಸ್ತ್ರಿ. "ಅಕ್ಕನಿಗೆ ಊಟ ಹಾಕು."